ಗೋಡೆ ಮೇಲಿನ ಸನ್ನದು

ಕೋಲಾರ ಸೀಮೆಯ ಒಂದು ಊರು, ದನ ಮನೆಗೆ ಬರುವ ಹೊತ್ತು. ಜಗಲಿ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬರು ಗ್ರಾಮಲೆಕ್ಕಿಗರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. ಇನ್ನೊಬ್ಬಳು ಅವರ ಅಕ್ಕನ ಮಗಳು, ಬೆಂಗಳೂರಿನಲ್ಲಿ ಬ್ಯಾಂಕು ನೌಕರಿ. ನಡುವೆ ಹಳೇ ಟವೆಲಿನಲ್ಲಿ ಸುತ್ತಿದ, ಗಾಜು ಹಾಕಿದ ಒಂದು ಫೋಟೋ ಕಟ್ಟು.

ಸೊಸೆ: ಮಾವ, ಇದನ್ನ ಬಸ್ಸಲ್ಲಿ ಮಡಿಲಲ್ಲೇ ಇಟ್ಕೊಂಡು ಬಂದೆ. ಅಪ್ಪ ಇರೋ ತನಕ ಗೋಡೆಯಿಂದ ಇಳಿಸೋಕೆ ಬಿಟ್ಟವರಲ್ಲ. ಆಯುಧಪೂಜೆ ದಿನ ಗಾಡಿಗೆ ಹೂವಿಟ್ಟ ಮೇಲೆ ಇದಕ್ಕೂ ಒಂದು ಹೂವು ಇಡೋರು.

ಮಾವ: ನನಗೆ ಗೊತ್ತಿಲ್ವಾ? ನಿಮ್ಮಮ್ಮನ್ನ ಕೇಳೋಕೆ ಬಂದಾಗ ನಿಮ್ಮ ತಾತ ಮೊದಲು ಎತ್ತಿದ್ದೇ ಇದರ ಮಾತು. "ನಮ್ಮದು ಮಹಾರಾಜರು ಉಂಬಳಿ ಕೊಟ್ಟ ಮನೆತನ" ಅಂತ. ನಮ್ಮಪ್ಪನಿಗೆ ಓದು ಬರಹ ಇಲ್ಲ. ಮನೆ ನೋಡೋಕೆ ಹೋದಾಗ ಗೋಡೆ ಮೇಲೆ ಗಂಡಭೇರುಂಡ ಕಂಡು ಕೈಮುಗಿದುಬಿಟ್ಟ. ನಾನಾಗ ಹನ್ನೆರಡರ ಹುಡುಗ. ಗಾಜಿನ ಹಿಂದೆ ಕಾಗದ ಅರ್ಧಕ್ಕೆ ಮಡಚಿದೆ ಅನ್ನೋದು ಅವತ್ತೇ ಕಂಡಿತ್ತು. ಬೀಗರ ಮನೆ, ಬಾಯಿ ಬಿಡಲಿಲ್ಲ.

ಸೊಸೆ: ಅದು ಆಮೇಲೆ. ಮೊದಲು ನನ್ನ ಕಷ್ಟ ಕೇಳಿ. ಅಪ್ಪನ ಪೌತಿ ಖಾತೆಗೆ ವಂಶವೃಕ್ಷ ಬೇಕು ಅಂದರು. ಬರೆಯೋಕೆ ಕೂತೆ. ಅಪ್ಪ, ಚಿಕ್ಕಪ್ಪ, ತಾತ, ಅಲ್ಲಿಗೆ ನಿಂತುಹೋಯ್ತು. ತಾತನ ಅಪ್ಪನ ಹೆಸರು ಮನೇಲಿ ಒಬ್ಬರಿಗೂ ಗೊತ್ತಿಲ್ಲ. ಕಚೇರಿಗೆ ಅಷ್ಟು ಸಾಕಂತೆ, ನನಗೆ ಸಾಲದು. ಪಹಣಿ ತೆಗೆಸಿದರೆ ಅದರಲ್ಲೂ ಅಪ್ಪ, ಚಿಕ್ಕಪ್ಪ, ಅಷ್ಟೇ.

ಮಾವ: ಪಹಣಿಯಲ್ಲಿ ಇರೋದು ಈ ವರ್ಷದ ಸುದ್ದಿ. ಭೂಮಿ ತಂತ್ರಾಂಶ ಬಂದು ಇಪ್ಪತ್ತೈದು ವರ್ಷ ಆಗಿರಬೇಕು. ಸುಮಾರು 2 ಕೋಟಿ ಪಹಣಿ, 67 ಲಕ್ಷ ಹಿಡುವಳಿದಾರರು, ಅಷ್ಟನ್ನೂ ಕೈಬರಹದಿಂದ ಕಂಪ್ಯೂಟರಿಗೆ ಹತ್ತಿಸಿದರು. ಹತ್ತಿಸಿದವರಲ್ಲಿ ನಾನೂ ಒಬ್ಬ. ಮುನಿಯಪ್ಪ ಮುನಿಸ್ವಾಮಿ ಆದದ್ದು, ಒಂದು ಎಕರೆ ಹತ್ತು ಗುಂಟೆ ಬರೀ ಹತ್ತು ಗುಂಟೆ ಆದದ್ದು, ಎಲ್ಲ ಕಂಡಿದ್ದೀನಿ. ನೀನು ಹೆಸರು ನೋಡಿದೆ, ಪಕ್ಕದ ಕಾಲಂ ನೋಡಿದೆಯಾ? ಒಂಬತ್ತನೇದರಲ್ಲಿ ಹೆಸರು. ಹತ್ತನೇದರಲ್ಲಿ ಆ ಹೆಸರಿಗೆ ಜಮೀನು ಹೇಗೆ ಬಂತು ಅಂತ ಇರುತ್ತೆ.

ಸೊಸೆ: "ಎಂ.ಆರ್." ಅಂತ ಏನೋ ನಂಬರು ಇತ್ತು.

ಮಾವ: ಅದೇ ಬಾಗಿಲು. ಎಂ.ಆರ್. ಅಂದರೆ ಮ್ಯುಟೇಶನ್ ರಿಜಿಸ್ಟರು. ಖಾತೆ ಒಬ್ಬರಿಂದ ಒಬ್ಬರಿಗೆ ಹೋದಾಗೆಲ್ಲ ಅಲ್ಲಿ ಒಂದು ನಮೂದು. ಯಾರಿಂದ, ಯಾರಿಗೆ, ಯಾತರಿಂದ. ಕ್ರಯವೋ, ದಾನವೋ, ವಿಭಾಗವೋ, ಪೌತಿಯೋ. ಪೌತಿ ಆದರೆ ಸತ್ತವರ ಹೆಸರು, ಉಳಿದವರ ಹೆಸರು ಎರಡೂ ಸಿಕ್ಕಿದವು ಅಂತ ಲೆಕ್ಕ. ಆ ನಂಬರು ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋದರೆ ಹಿಂದಿನ ಖಾತೇದಾರ. ಅವನಿಂದ ಅವನ ಹಿಂದಿನವನು. ಮೆಟ್ಟಿಲು ಇಳಿದ ಹಾಗೆ. ನಮ್ಮ ಮೈಸೂರು ಸೀಮೇಲಿ ಹಕ್ಕುದಾಖಲೆ ಅಂತ ಕಾಯ್ದೆ ಬಂದದ್ದೇ 1927ರಲ್ಲಿ. ಅದರ ಇಂಡೆಕ್ಸ್ ಆಫ್ ಲ್ಯಾಂಡ್ಸು, ರೆಕಾರ್ಡ್ ಆಫ್ ರೈಟ್ಸು ಅನ್ನೋ ದಪ್ಪ ಪುಸ್ತಕಗಳ ತನಕ ಧೈರ್ಯವಾಗಿ ಇಳೀಬಹುದು. ಅಲ್ಲಿಂದ ಕೆಳಗೆ ಮೆಟ್ಟಿಲು ಸವೆದಿದೆ.

ಸೊಸೆ: ಅದೂ ತಂದಿದ್ದೀನಿ. ಇಂಡೆಕ್ಸಿನ ನಕಲು. ಮೂರು ಸಲ ಅಲೆದಾಡಿಸಿ ಕೊಟ್ಟರು. ಅಕ್ಷರ ಓದೋಕೇ ಆಗಲ್ಲ, ಎಲ್ಲ ಒಂದೇ ಗೆರೆ ಎಳೆದ ಹಾಗಿದೆ.

ಮಾವ: ಶ್ಯಾನುಭೋಗರ ಕೈ ಅಮ್ಮ ಅದು. ಒತ್ತು ಕೊಡಲ್ಲ, ಪದ ಬಿಡಿಸಲ್ಲ, ಲೇಖನಿ ಎತ್ತೋದೇ ಇಲ್ಲ. ನಮ್ಮಲ್ಲಿ ಇದಾದರೂ ಕನ್ನಡ. ಧಾರವಾಡ, ಬೆಳಗಾವಿ ಕಡೆ ಹೋದರೆ ಹಳೇ ಕಾಗದ ಮೋಡಿ ಲಿಪೀಲಿ. ಕಲಬುರಗಿ, ಬೀದರು ಕಡೆ ಉರ್ದು. ಮಂಗಳೂರಿನವರದ್ದು ಮದರಾಸು ಪದ್ಧತಿ, ಕೊಡಗಿನವರದ್ದು ಜಮ್ಮಾ ಬಾಣೆ ಅಂತ ಬೇರೆಯೇ ಪುರಾಣ. ಒಂದೇ ರಾಜ್ಯದವರು, ಅಜ್ಜನ್ನ ಹುಡುಕೋಕೆ ಒಬ್ಬೊಬ್ಬರೂ ಒಂದೊಂದು ಲಿಪಿ ಕಲೀಬೇಕು. ಕೊಡು ಇಲ್ಲಿ. ಕನ್ನಡಕ ಎಲ್ಲಿ ಹೋಯ್ತು… ಹಾಂ. ನಿಮ್ಮ ಸರ್ವೆ ನಂಬರೆಷ್ಟು?

ಸೊಸೆ: ಅಪ್ಪಂದು 45/2. ಚಿಕ್ಕಪ್ಪಂದು 45/1.

ಮಾವ: ನೋಡು, ನಂಬರಲ್ಲೇ ಅರ್ಧ ಕಥೆ ಇದೆ. ಮೈಸೂರಲ್ಲಿ ಬೊಂಬಾಯಿ ಮಾದರಿ ಸರ್ವೆ 1863ರಲ್ಲಿ ಶುರುವಾಯ್ತು. ಮೂವತ್ತಮೂರು ಅಡಿ ಸರಪಣಿ. ಒಂದು ಸರಪಣಿ ಉದ್ದ, ಒಂದು ಸರಪಣಿ ಅಗಲ ಆದರೆ ಒಂದು ಗುಂಟೆ, ಅಂಥ 40 ಸೇರಿ ಎಕರೆ. ಆಗ ನಿಮ್ಮ ಗದ್ದೆ ಬರೀ 45. ಆಮೇಲೆ ಪೋಡಿ ಆಗಿ 45/1, 45/2. ಮುಂದೆ ನೀನೂ ನಿನ್ನ ತಮ್ಮನೂ ಭಾಗ ಮಾಡ್ಕೊಂಡರೆ ಎರಡಕ್ಕೆ ಇನ್ನೊಂದು ಬಾಲ ಹತ್ತುತ್ತೆ. ಮರ ಕವಲೊಡೆದ ಹಾಗೆ ನಂಬರು ಕವಲೊಡೆಯುತ್ತೆ. ಆದರೆ ಅಡ್ಡಗೆರೆ ಕಂಡ ತಕ್ಷಣ ಅಣ್ಣತಮ್ಮ ಅಂದುಬಿಡಬೇಡ. ಮಾರಿದರೂ ಪೋಡಿ ಆಗುತ್ತೆ, ರಸ್ತೆಗೆ ಹೋದರೂ ಆಗುತ್ತೆ. ಎಂ.ಆರ್. ನೋಡದೆ ನಂಟು ಹೇಳಬಾರದು. 45/3 ಯಾರದ್ದು?

ಸೊಸೆ: ಅದು ಬೇರೆಯವರದ್ದು. ಕೆರೆ ಕೋಡಿ ಹತ್ತಿರದ ಮನೆಯವರು. ಅವರಿಗೂ ನಮಗೂ ಮಾತಿಲ್ಲ.

ಮಾವ: ಯಾಕೆ ಮಾತಿಲ್ಲ?

ಸೊಸೆ: ಯಾರಿಗೆ ಗೊತ್ತು. ಮೊದಲಿಂದ ಇಲ್ಲ.

ಮಾವ: ಇಲ್ಲಿ ಓದು. ನಿಮ್ಮ ತಾತನ ಹೆಸರು, ಬಿನ್ ಇಂಥವನು. ಅದರ ಕೆಳಗಿನ ಸಾಲು, 45/3ರವರ ತಾತ. ಅವನೂ ಬಿನ್…

ಸೊಸೆ: ಅದೇ ಹೆಸರು.

ಮಾವ: ಬಿನ್ ಅನ್ನೋದು ಅರಬ್ಬಿ ಮಾತು, ಮಗ ಅಂತ. ನಮ್ಮ ಕಂದಾಯ ಕಾಗದದಲ್ಲಿ ಎಷ್ಟು ಬೇರು ಬಿಟ್ಟಿದೆ ಅಂದರೆ ಅದು ಕನ್ನಡವಲ್ಲ ಅಂತ ಯಾರೂ ನಂಬಲ್ಲ. ಒಂದು ಬಿನ್ ಸಿಕ್ಕಿದರೆ ಒಂದು ತಲೆಮಾರು ಸಿಕ್ಕಿದ ಹಾಗೆ. ನಿನಗೆ ಬೇಕಾಗಿದ್ದ ಮುತ್ತಾತ ಇವನೇ. ಆ ಕೋಡಿ ಮನೆಯವರು ನಿಮ್ಮ ದಾಯಾದಿಗಳು ಕಣಮ್ಮ. ಜಗಳ ಏನಿತ್ತೋ, ಮಾತು ಬಿಟ್ಟಿದ್ದು ಉಳಿದಿದೆ, ನೆಂಟಸ್ತಿಕೆ ಮರೆತಿದೆ.

ಸೊಸೆ: ಅಯ್ಯೋ. ಅವರ ಮನೆ ಹುಡುಗನಿಗೆ ನಮ್ಮ ಚಿಕ್ಕಪ್ಪನ ಮಗಳನ್ನ ಕೊಡೋ ಮಾತು ಒಂದು ಸಲ ಬಂದಿತ್ತು.

ಮಾವ: ನಿಂತಿತಲ್ಲ, ಸದ್ಯ. ಆದರೂ ಇದೊಂದನ್ನೇ ನಂಬಬೇಡ. ನಮ್ಮ ಕಡೆ ಅರ್ಧ ಊರು ಮುನಿಯಪ್ಪ, ಉಳಿದರ್ಧ ವೆಂಕಟಪ್ಪ. ಅದೂ ಮೊಮ್ಮಗನಿಗೆ ತಾತನ ಹೆಸರು ಇಡೋ ಪದ್ಧತಿ. ಮುನಿಯಪ್ಪ ಬಿನ್ ವೆಂಕಟಪ್ಪ, ವೆಂಕಟಪ್ಪ ಬಿನ್ ಮುನಿಯಪ್ಪ, ಹೀಗೇ ಗಾಣದ ಎತ್ತಿನ ಹಾಗೆ ಸುತ್ತುತ್ತಾ ಇರುತ್ತೆ. ಎಷ್ಟನೇ ಸುತ್ತಿನಲ್ಲಿದ್ದೀವಿ ಅಂತ ತಿಳಿಯೋಕೆ ಗದ್ದೆಯ ಚಕ್ಕುಬಂದಿ ನೋಡಬೇಕು, ಪೂರ್ವಕ್ಕೆ ಯಾರದ್ದು, ಪಶ್ಚಿಮಕ್ಕೆ ಯಾರದ್ದು ಅಂತ. ಮನುಷ್ಯರ ಹೆಸರು ಮರಳಿ ಬರುತ್ತೆ, ಬದು ಮಾತ್ರ ಇದ್ದಲ್ಲೇ ಇರುತ್ತೆ. ಸರಿ, ಈಗ ಕೊನೇ ಕಾಲಂ ಓದು, ಷರಾ.

ಸೊಸೆ: ನೀ… ನೀರ… "ನೀರಗಂಟಿ ಸರ್ವೀಸ್ ಇನಾಂ."

ಮಾವ: ಹೂಂ.

ಸೊಸೆ: ಅಂದರೆ?

ಮಾವ: ಅಂದರೆ ಉಂಬಳಿ ನಿಜ. ಕೊಟ್ಟದ್ದು ಯುದ್ಧ ಗೆದ್ದಿದ್ದಕ್ಕಲ್ಲ, ತೂಬು ಎತ್ತಿದ್ದಕ್ಕೆ. ಕೆರೆ ತೂಬು ತೆಗೆದು ಗದ್ದೆ ಗದ್ದೆಗೆ ಸರದಿ ಪ್ರಕಾರ ನೀರು ಬಿಡೋನು ನೀರಗಂಟಿ. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಒಬ್ಬ. ಗೌಡ, ಶ್ಯಾನುಭೋಗ, ತಳವಾರ, ತೋಟಿ, ಕಮ್ಮಾರ, ಅಗಸ ಅಂತ ಹೋಗೋ ಪಟ್ಟೀಲಿ. ವಿಲ್ಕ್ಸ್ ದೊರೆ 1810ರಲ್ಲಿ ಅಚ್ಚು ಹಾಕಿಸಿದ ಮೈಸೂರಿನ ಚರಿತ್ರೇಲೂ ನೀರಗಂಟಿ ಇದ್ದಾನೆ. ಸಂಬಳ ಇಲ್ಲ. ಸುಗ್ಗೀಲಿ ರಾಶಿಯಿಂದ ಆಯ, ಜೊತೆಗೆ ಕೆರೆ ಕೆಳಗೆ ಒಂದು ತುಂಡು ಗದ್ದೆ. ಅದೇ ನಿಮ್ಮ 45.

ಸೊಸೆ: ಅಪ್ಪ ಒಂದು ದಿನ ಈ ಮಾತು ಆಡಲಿಲ್ಲ.

ಮಾವ: ಆಡ್ತಾರಾ? ಊರ ಮುಂದೆ ಅದು ಚಾಕರಿ. ರಾತ್ರಿಯೆಲ್ಲ ಗುದ್ದಲಿ ಹಿಡಿದು ಕಾಲುವೆ ಮೇಲೆ ತಿರುಗೋದು. ನೀರು ಕಮ್ಮಿ ಬಂತು ಅಂತ ಬೈಸಿಕೊಳ್ಳೋದು. ಬರಗಾಲದಲ್ಲಿ ಮಾತ್ರ ಅವನ ಮಾತಿಗೆ ಗೌಡನೂ ತಲೆ ತಗ್ಗಿಸಬೇಕು. ಸ್ವಂತ ಗದ್ದೆ ಇಲ್ಲದವನ ಕೈಗೇ ಯಾಕೆ ನೀರು ಕೊಡ್ತಿದ್ದರು? ಅವನಿಗೆ ಯಾರ ಗದ್ದೆ ಮೇಲೂ ಪಕ್ಷ ಇರಲ್ಲ ಅಂತ. ಇದು ನಾನು ಕೇಳಿದ ಮಾತು, ಯಾವ ರಿಜಿಸ್ಟರಲ್ಲೂ ಬರೆದಿಲ್ಲ. ನಮ್ಮ ಮನೆ ಕಥೆ ಗೊತ್ತಲ್ಲ ನಿನಗೆ?

ಸೊಸೆ: ನಿಮ್ಮಪ್ಪ ಅಂದರೆ ನಮ್ಮ ಆ ತಾತ, ತೋಟಿ ಅಲ್ವಾ.

ಮಾವ: ತೋಟಿ. ಜಮಾಬಂದಿಗೆ ಶ್ಯಾನುಭೋಗರ ದಫ್ತರದ ಗಂಟು ಹೊತ್ಕೊಂಡು ತಾಲ್ಲೂಕಿಗೆ ನಡೆಯೋನು. ಒಂದಕ್ಷರ ಓದೋಕೆ ಬಾರದವನು ಇಡೀ ಊರಿನ ಲೆಕ್ಕ ತಲೆ ಮೇಲೆ ಹೊರೋನು. ಆ ಗಂಟಲ್ಲಿ ಕಡತ ಇರ್ತಿತ್ತು. ನೀನು ಕಂಡಿಲ್ಲ ಅದನ್ನ. ಬಟ್ಟೆಗೆ ಹುಣಸೆಬೀಜದ ಗಂಜಿ, ಇದ್ದಿಲ ಪುಡಿ ಕಲಸಿ ಮೆತ್ತಿ ಒಣಗಿಸೋದು. ಕಪ್ಪು ಹಲಗೆಯ ಹಾಗಾಗುತ್ತೆ. ಬೀಸಣಿಗೆ ಥರ ಮಡಿಕೆ, ಬಳಪದಲ್ಲಿ ಬರವಣಿಗೆ. ಒದ್ದೆ ಬಟ್ಟೇಲಿ ಒರೆಸಿದರೆ ಹೋಯ್ತು.

ಸೊಸೆ: ಒರೆಸಿದರೆ ಹೋಗೋದರ ಮೇಲೆ ಜಮೀನಿನ ಲೆಕ್ಕವಾ?

ಮಾವ: ಅದಕ್ಕೇ ಹೇಳಿದ್ದು ಮೆಟ್ಟಿಲು ಸವೆದಿದೆ ಅಂತ. ಸರ್ವೆಗೆ ಮುಂಚಿನ ಲೆಕ್ಕದಲ್ಲಿ ಎಕರೆ ಇಲ್ಲ, ನಂಬರಿಲ್ಲ. ಎಷ್ಟು ಬೀಜ ಬೀಳುತ್ತೋ ಅಷ್ಟು ಭೂಮಿ. ಎರಡು ಕೊಳಗದ ಗದ್ದೆ, ಒಂದು ಖಂಡುಗದ ಹೊಲ. ಇಪ್ಪತ್ತು ಕೊಳಗಕ್ಕೆ ಖಂಡುಗ. ಹೊಲಕ್ಕೆ ಹೆಸರಿರುತ್ತಿತ್ತು, ಆಲದ ಮರದ ಹೊಲ, ಮೂಗುತಿ ಗದ್ದೆ ಅಂತ. ಆ ಹೆಸರು ತಿಳಿದ ಮುದುಕರು ಹೋದರೆ ಕಾಗದ ಇದ್ದೂ ಸತ್ತ ಹಾಗೆ. 1963ರ ಫೆಬ್ರವರಿಯಲ್ಲಿ ಪಿತ್ರಾರ್ಜಿತ ಹಳ್ಳಿ ಹುದ್ದೆಗಳೆಲ್ಲ ಹೋದವು ನೋಡು, ಶ್ಯಾನುಭೋಗಿಕೆ, ಪಟೇಲಿಕೆ, ತೋಟಿ, ನೀರಗಂಟಿ ಎಲ್ಲ. ಚಾಕರಿ ಇನಾಮು ಸರ್ಕಾರಕ್ಕೆ ಹೋಗಿ, ಮಾಡುತ್ತಿದ್ದವರಿಗೇ ಮರುಮಂಜೂರಾಯ್ತು. ನಿಮ್ಮ ತಾತನಿಗೆ 45 ಹಾಗೆ ಸ್ವಂತವಾದದ್ದು. ಆ ಮರುಮಂಜೂರಿ ಫೈಲು ಕೇಳು. ವಂಶವೃಕ್ಷ ಅದರಲ್ಲೇ ಇರುತ್ತೆ, ಯಾರು ಯಾರ ಕಾಲದಲ್ಲಿ ಹುದ್ದೆ ಮಾಡಿದರು ಅಂತ. ಶ್ಯಾನುಭೋಗರ ಜಾಗಕ್ಕೆ ಪರೀಕ್ಷೆ ಪಾಸಾದ ಗ್ರಾಮಲೆಕ್ಕಿಗ ಬಂದ. ನನ್ನ ಸರದಿ ಬಂದಾಗ ನಾನು ಕೂತದ್ದು ನಮ್ಮಪ್ಪ ಹೊತ್ತ ಗಂಟಿನ ಮುಂದೆ.

ಸೊಸೆ: ಆ ತಾತ ನೋಡಿದರಾ ಅದನ್ನ?

ಮಾವ: ಬಂದಿದ್ದ ಒಂದು ಸಲ. ಚಾವಡಿ ಒಳಗೆ ಬಾ ಅಂದರೆ ಬರಲಿಲ್ಲ. ಬಾಗಿಲಲ್ಲೇ ನಿಂತು "ಗಂಟು ಸರಿಯಾಗಿ ಕಟ್ಟಪ್ಪ, ಇಲಿ ಕಡೀತವೆ" ಅಂದ. ಆ ಕಥೆ ಬಿಡು. ಈಗ ಗಾಜು ತೆಗಿ.

ಸೊಸೆ: ಮಾವ, ಒಂದು ನಿಮಿಷ. ಇಷ್ಟು ಮಾತ್ರ ನಾನೇ ಓದಿದ್ದೀನಿ: "ಧಾತು ಸಂವತ್ಸರ." ಫೋನಲ್ಲಿ ಲೆಕ್ಕ ಹಾಕಿದೆ, 1876 ಬರುತ್ತೆ. ನೂರೈವತ್ತು ವರ್ಷ ಆಯ್ತು. ಹುದ್ದೆ ನೀರಗಂಟೀದೇ ಇರಲಿ, ಸನ್ನದು ಮಹಾರಾಜರದ್ದೇ ಯಾಕಾಗಬಾರದು?

ಮಾವ: 1876ರಲ್ಲಿ ಮಹಾರಾಜರು ಎಲ್ಲಿದ್ದರು? 1831ರಿಂದ 1881ರ ತನಕ ಮೈಸೂರು ಇಂಗ್ಲಿಷ್ ಕಮಿಷನರ ಕೈಲಿತ್ತು. ಚಾಮರಾಜೇಂದ್ರ ಒಡೆಯರು ಇನ್ನೂ ಓದೋ ಹುಡುಗ. ಸನ್ನದು ಬರೆಯೋ ಅಧಿಕಾರ ಅವರಿಗೆಲ್ಲಿತ್ತು? ಅದೂ ಧಾತು ವರ್ಷ! ಧಾತು, ಈಶ್ವರ, ಎರಡು ವರ್ಷದ ಆ ಬರ. 1871ರ ಗಣತೀಲಿ ಐವತ್ತು ಲಕ್ಷ ಇದ್ದ ಮೈಸೂರಿನ ಜನ ಹತ್ತು ವರ್ಷ ಕಳೆದು ಎಣಿಸಿದಾಗ ನಲವತ್ತೆರಡು ಲಕ್ಷ ಇದ್ದರು. ಆ ಕಾಲದ ಖಾತೆಗಳಲ್ಲಿ ಹೆಸರು ಹಠಾತ್ತನೆ ಕಡಿದುಹೋಗಿ ಬೇರೆಯವನ ಹೆಸರು ಬಂದರೆ ಪೌತಿ, ಕ್ರಯ ಅಂತ ಕಾರಣ ಹುಡುಕಬೇಡ. ಮನೆ ಪೂರ್ತಿ ಖಾಲಿಯಾಗಿರಬಹುದು. ಸಂವತ್ಸರ ಅರವತ್ತಕ್ಕೊಮ್ಮೆ ಸುತ್ತುತ್ತೆ, ಮರೆತೆಯಾ? 1876 ಬಿಟ್ಟರೆ ಮುಂದಿನ ಧಾತು 1936. ಯಾವುದು ಅಂತ ಕಾಗದವೇ ಹೇಳುತ್ತೆ. ತೆಗಿ.

ಸೊಸೆ: ಮೊಳೆ ತುಕ್ಕು ಹಿಡಿದಿದೆ… ಬಂತು. ಮಡಿಕೇಲೇ ಹರೀತಿದೆ ಮಾವ.

ಮಾವ: ಬಿಡು ನನಗೆ. ತಟ್ಟೆ ಮೇಲೆ ಇಟ್ಟು ಬಿಡಿಸಬೇಕು. ಹೂಂ. ಗಂಡಭೇರುಂಡ ಇರೋದು ಇದು ಛಾಪಾ ಕಾಗದ ಅಂತ. ಸ್ಟಾಂಪ್ ಪೇಪರು. ದುಡ್ಡು ಕೊಟ್ಟರೆ ಯಾರಿಗಾದರೂ ಸಿಗೋದು. ಇಲ್ಲಿ ನೋಡು, ಸರ್ವೆ ನಂಬರು 45, ಗುಂಟೆ ಲೆಕ್ಕ. ಕೊಳಗ ಇಲ್ಲ. 1936 ಅನ್ನು. ಈಗ ಮಡಚಿದ ಭಾಗ. "…ನಿಮ್ಮಿಂದ ನಾನು ಪಡೆದ ರೂಪಾಯಿ ಅರವತ್ತು… ಭೋಗ್ಯಕ್ಕೆ…"

ಸೊಸೆ: ಸಾಲದ ಪತ್ರ!

ಮಾವ: ಭೋಗ್ಯ ಪತ್ರ. ಗದ್ದೆ ಸಾಲ ಕೊಟ್ಟವನು ಉಣ್ಣೋದು, ಬಡ್ಡಿ ಇಲ್ಲ, ಅಸಲು ಕೊಟ್ಟ ದಿನ ಗದ್ದೆ ವಾಪಸು. ಚಾಕರಿ ಇನಾಮು ಹಾಗೆ ಅಡವಿಡೋ ಹಾಗೇ ಇರಲಿಲ್ಲ. ಬರೆಸಿಕೊಂಡವನಿಗೂ ಗೊತ್ತು, ಬರೆದವನಿಗೂ ಗೊತ್ತು. ಅದಕ್ಕೇ ನೋಂದಣಿ ಮುದ್ರೆ ಇಲ್ಲ ನೋಡು. ನೀನು ಸಬ್ ರಿಜಿಸ್ಟ್ರಾರ್ ಕಚೇರೀಲಿ ನೂರು ವರ್ಷದ ಇಸಿ ತೆಗೆಸಿದ್ದರೂ ಇದು ಸಿಗ್ತಿರಲಿಲ್ಲ. ಸರ್ಕಾರದ ಕಣ್ಣಿಗೆ ಬೀಳದ ಕಾಗದ ಇದು.

ಸೊಸೆ: ಇದಕ್ಕೆ ನಾವು ಹೂವಿಡ್ತಿದ್ದದ್ದಾ.

ಮಾವ: ಇಡಬೇಕಾದ್ದೇ. ಯೋಚನೆ ಮಾಡು. ಭೋಗ್ಯ ಪತ್ರ ಇರೋದು ಸಾಲ ಕೊಟ್ಟವನ ಪೆಟ್ಟಿಗೇಲಿ. ನಿಮ್ಮ ಮನೆ ಗೋಡೆಗೆ ಹೇಗೆ ಬಂತು? ತೀರಿಸಿದ ಮೇಲೆ ವಾಪಸು ಈಸಿಕೊಂಡು ಬಂದಿದ್ದಾನೆ ನಿಮ್ಮ ತಾತ. ಅರವತ್ತು ರೂಪಾಯಿ ಅವತ್ತಿಗೆ ನೀರಗಂಟಿಗೆ ಸಣ್ಣ ದುಡ್ಡಲ್ಲ. ಎಷ್ಟು ಸುಗ್ಗಿ ಹಿಡಿಯಿತೋ. ಕಟ್ಟು ಹಾಕಿಸಿದ್ದರಲ್ಲಿ ನನಗೇನೂ ತಪ್ಪು ಕಾಣಲ್ಲ, ಮಡಚಿದ್ದು ಮಾತ್ರ ತರಲೆ.

ಸೊಸೆ: ಸಾಲ ಯಾತಕ್ಕೆ ಅಂತ ಇದೆಯಾ?

ಮಾವ: ಇರುತ್ತೆ. ಸಾಮಾನ್ಯವಾಗಿ "ಗೃಹಕೃತ್ಯದ ಖರ್ಚಿನ ಬಗ್ಗೆ" ಅಂತ ಒಂದೇ ಮಾತು. ಇಲ್ಲಿ… "ನನ್ನ ತಂಗಿ ವಿವಾಹದ ಖರ್ಚಿನ ಬಗ್ಗೆ."

ಸೊಸೆ: ತಾತನಿಗೆ ತಂಗಿ ಇದ್ದಳಾ?

ಮಾವ: ನಿಮ್ಮ ಮನೇಲಿ ಯಾರೂ ಹೇಳಿಲ್ವಾ?

ಸೊಸೆ: ಇಲ್ಲ. ಇಷ್ಟು ಹೊತ್ತು ಬಿನ್, ಬಿನ್, ಬಿನ್ ಅಂತ ಇಳಿದೆವಲ್ಲ, ಒಂದು ಹೆಂಗಸಿನ ಹೆಸರೂ ಬರಲಿಲ್ಲ. ಮೆಟ್ಟಿಲೆಲ್ಲ ಗಂಡಸರದ್ದೇ.

ಮಾವ: ಖಾತೆ ನೆನಪಿಟ್ಟುಕೊಳ್ಳೋದು ನೆಲವನ್ನ, ಮನುಷ್ಯರನ್ನಲ್ಲ. ನೆಲ ಇಲ್ಲದವರು ಅದರಲ್ಲಿ ಇಲ್ಲ. ಗೇಣಿ ಮಾಡಿದವನು ಹನ್ನೆರಡನೇ ಕಾಲಮ್ಮಿನಲ್ಲಿ ಒಂದು ವರ್ಷ ಇದ್ದು ಇನ್ನೊಂದು ವರ್ಷ ಮಾಯ. 1974ರ ಭೂಸುಧಾರಣೆಯಲ್ಲಿ ಫಾರಂ 7 ಹಾಕಿದವರು ಮಾತ್ರ ಅಲ್ಲಿಂದ ಒಂಬತ್ತನೇ ಕಾಲಮ್ಮಿಗೆ ಹತ್ತಿದರು. ಕೂಲಿ ಮಾಡಿದವನಿಗೆ ಕಾಲಮ್ಮೇ ಇಲ್ಲ. ಹೆಂಗಸರು ಸಿಗೋದು ಮೂರು ನಾಲ್ಕು ಕಡೆ. ಅರಿಶಿನ ಕುಂಕುಮಕ್ಕೆ ಅಂತ ತೌರಿನವರು ತುಂಡು ಹೊಲ ಕೊಟ್ಟಿದ್ದರೆ. ಮೈನರ್ ಮಗನಿಗೆ ಪಾಲಕಿ ಆಗಿದ್ದರೆ. ಹಕ್ಕು ಬಿಡುಗಡೆ ಪತ್ರದಲ್ಲಿ ಹೆಬ್ಬೆಟ್ಟು ಒತ್ತಿದ್ದರೆ. ಇಲ್ಲ ಗಂಡ ಸತ್ತು ಖಾತೆ ಅವಳ ಹೆಸರಿಗೆ ಬಂದಿದ್ದರೆ, ಆಗ ಇಂಥವಳು ಕೋಂ ಇಂಥವನು, ಅಂದರೆ ಇಂಥವನ ಹೆಂಡತಿ ಅಂತ. ಮೈಸೂರಲ್ಲಿ 1933ರ ಕಾಯ್ದೆ ಒಂದಿಷ್ಟು ಹಕ್ಕು ಕೊಟ್ಟಿತು. 1994, 2005ರ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳ ಹೆಸರು ಬರೆಯದೆ ವಂಶವೃಕ್ಷ ಕೊಡಕ್ಕಾಗಲ್ಲ. ನಾನೇ ಎಷ್ಟು ಮನೇಲಿ ಜಗಳ ಆಡಿ ಬರೆಸಿದ್ದೀನಿ. "ಮದುವೆ ಮಾಡಿ ಕಳಿಸಿದ್ದಾಯ್ತಲ್ಲ ಸಾರ್" ಅಂತ ಅನ್ನೋರು.

ಸೊಸೆ: ಇವಳ ಹೆಸರಿಗೆ ಹೆಬ್ಬೆಟ್ಟೂ ಇಲ್ಲ. ಇವಳ ಮದುವೆಗೆ ಆದ ಸಾಲ ಮಾತ್ರ ಇದೆ. ಕಾಗದ ಮಡಚಿದಾಗ ಇವಳೂ ಒಳಗೆ ಹೋದಳು.

ಮಾವ: ತಾಳು. ಕೆಳಗೆ ಸಾಕ್ಷಿಗಳಿದ್ದಾರೆ. ಇಬ್ಬರು. ಒಬ್ಬ ನಿಮ್ಮೂರಿನವನೇ. ಇನ್ನೊಬ್ಬ… ಈ ಊರು ಯಾವುದು, ಓದು, ನಿನ್ನ ಕಣ್ಣು ಚುರುಕು.

ಸೊಸೆ: ಮಾಲೂರು ತಾಲ್ಲೂಕು ಅನ್ನೋದು ಮಾತ್ರ ಸ್ಪಷ್ಟ. ಊರಿನ ಹೆಸರು… "ಹಳ್ಳಿ" ಅಂತ ಮುಗಿಯುತ್ತೆ.

ಮಾವ: ನಮ್ಮ ಕಡೆ ಯಾವುದು ಹಳ್ಳಿ ಅಂತ ಮುಗಿಯಲ್ಲ! ಭೂತಗನ್ನಡಿ ತರ್ತೀನಿ ಇರು. ಅರವತ್ತು ರೂಪಾಯಿ ಭೋಗ್ಯಕ್ಕೆ ಅಷ್ಟು ದೂರದವನು ಯಾಕೆ ಬಂದು ಸಾಕ್ಷಿ ಹಾಕಿದ? ಗಂಡಿನ ಕಡೆಯವನಿರಬೇಕು. ಇರಬೇಕು ಅಷ್ಟೇ, ಪ್ರಮಾಣ ಅಲ್ಲ. ನಾಳೆ ಹತ್ತಕ್ಕೆ ಮಾಲೂರಿಗೆ ಹೋಗೋಣ. ಈಗ ಹಳೇ ಪುಸ್ತಕ ಎಲ್ಲ ಸ್ಕ್ಯಾನ್ ಮಾಡ್ತಿದ್ದಾರೆ, ಆ ಊರಿಂದು ಆಗಿದ್ದರೆ ಕೆಲಸ ಹಗುರ. ನಲವತ್ತರಿಂದ ಅರವತ್ತರ ತನಕ ಖಾತೆ ತಿರುವಿ ಹಾಕೋಣ.

ಸೊಸೆ: ಹೆಸರೇ ಗೊತ್ತಿಲ್ವಲ್ಲ ಮಾವ. ಏನಂತ ಹುಡುಕೋದು?

ಮಾವ: ಗಂಡನ ಕಡೆಯಿಂದ. ಈ ಸಾಕ್ಷಿಯವನ ಮನೆತನದಲ್ಲಿ "ಕೋಂ" ಅಂತ ಎಲ್ಲೆಲ್ಲಿ ಬರುತ್ತೋ ನೋಡ್ತಾ ಹೋಗೋದು.

ಸೊಸೆ: ಕೋಂ ಅಂತ ಸಿಗಬೇಕಾದರೆ ಅವಳ ಗಂಡ ಮೊದಲೇ ಸತ್ತಿರಬೇಕು.

ಮಾವ: ಹೂಂ.

ಸೊಸೆ: ಸಿಗಲಿ ಅಂತ ಬೇಡಿಕೊಳ್ಳಲೋ, ಬೇಡ ಅಂತಲೋ?

ಮಾವ: ತಟ್ಟೆ ಎತ್ತು ಮೊದಲು, ಗಾಳಿ ಬೀಸ್ತಿದೆ. ಕಾಗದ ಹಾರುತ್ತೆ.